ಕೆಂಪು ಗೆರೆಯ ಕೆಳಗಿನ ಜಾಲಿ

ಹೋದ ವರ್ಷ ದೀಪಾವಳಿಯ ಸೂಟಿಗೆ ಅಕ್ಕನ ಮಗಳು ನಿಪ್ಪಾಣಿಯಿಂದ ಚಿಕ್ಕೋಡಿಗೆ, ನಮ್ಮ ಮನೆಗೆ ಬಂದಿದ್ದಳು. ಬಿ.ಎಸ್ಸಿ. ಓದುವ ಹುಡುಗಿ. ಬಂದವಳೇ ಚೀಲದಿಂದ ದಪ್ಪ ಹಾಳೆಗಳ ಕಟ್ಟೊಂದನ್ನು ತೆಗೆದು ನನ್ನ ಮುಂದಿಟ್ಟಳು. ಒಣಗಿಸಿ ಅಂಟಿಸಿದ ಗಿಡಗಳ ಹಾಳೆಗಳು; ಕಾಲೇಜಿನಲ್ಲಿ ಇದಕ್ಕೆ ಹರ್ಬೇರಿಯಂ ಎನ್ನುತ್ತಾರಂತೆ. ಒಂದು ಹಾಳೆಯ ಮೇಲೆ ಜಾಲಿಯ ಟೊಂಗೆ. ಹಳದಿ ಗುಂಡು ಹೂವು, ಮಣಿಸರದಂಥ ಕಾಯಿ, ಬಿಳಿಯ ಉದ್ದ ಮುಳ್ಳು. ಕೆಳಗೆ ಅವಳ ದುಂಡನೆಯ ಅಕ್ಷರ: ಜಾಲಿ, ಮರಾಠಿಯಲ್ಲಿ ಬಾಭೂಳ, ತೊಗಟೆಯಿಂದ ಚಪ್ಪಲಿಯ ತೊಗಲು ಹದ ಮಾಡುತ್ತಾರೆ, ಅಂಟನ್ನು ಬಾಣಂತಿಯರ ಉಂಡಿಗೆ ಹಾಕುತ್ತಾರೆ, ಹೇಳಿದವರು ನಮ್ಮ ಆಯಿ, ಅಥಣಿ ತಾಲೂಕು.

ಇಷ್ಟರ ಮೇಲೂ ಉದ್ದಕ್ಕೆ ಒಂದು ಕೆಂಪು ಗೆರೆ. ಪಕ್ಕದಲ್ಲಿ "ಅನಾವಶ್ಯಕ" ಎಂಬ ಷರಾ. ಅದರ ಕೆಳಗೆ, ಸರಿಯಾದ ಉತ್ತರವೆಂದು, "ಅಕೇಸಿಯಾ ನಿಲೋಟಿಕಾ" ಎಂಬ ಎರಡು ಪದ.

"ಮಾವಶಿ, ಆಯಿ ಹೇಳಿದ್ದು ತಪ್ಪೇನು?" ಎಂದಳು ಹುಡುಗಿ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನೇ ಓದಿದವಳು. ಮದುವೆಯಾದ ಮೇಲೆ ಪುಸ್ತಕ ಮುಚ್ಚಿಟ್ಟಿದ್ದೆ. ಆ ಕೆಂಪು ಗೆರೆ ನನ್ನನ್ನು ಮತ್ತೆ ಅಟ್ಟದ ಮೇಲೆ ಹತ್ತಿಸಿತು. ಹುಡುಕಿ, ಓದಿ, ತಿಳಿದವರನ್ನು ಕೇಳಿ, ಈಗ ಅವಳಿಗೂ ನಿಮಗೂ ಸೇರಿಸಿಯೇ ಉತ್ತರ ಹೇಳುತ್ತಿದ್ದೇನೆ.

ಮೊದಲನೆಯ ಮಾತು: ಗೆರೆ ಎಳೆದವರು ಸರಿಯೆಂದು ಬರೆದ ಹೆಸರೇ ಈಗ ಹಳತಾಗಿದೆ! 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಮರವನ್ನು ಮಿಮೋಸಾ ನಿಲೋಟಿಕಾ ಎಂದು ಕರೆದ. ಆಮೇಲಿನವರು ಅದನ್ನು ಅಕೇಸಿಯಾ ಮಾಡಿದರು. ಅಕೇಸಿಯಾ ಎಂಬುದು ಗ್ರೀಕರು ಈಜಿಪ್ಟಿನ ಇದೇ ಮುಳ್ಳಿನ ಮರಕ್ಕೆ ಇಟ್ಟಿದ್ದ ಹಳೆಯ ಹೆಸರು. ಮುಂದೆ ಈ ದೊಡ್ಡ ಕುಟುಂಬವನ್ನು ಪಾಲು ಮಾಡಬೇಕಾಗಿ ಬಂತು. ಮನೆತನದ ಹೆಸರು ಯಾರ ಪಾಲಿಗೆ? ಆಸ್ಟ್ರೇಲಿಯಾದಲ್ಲಿ ಈ ಗುಂಪಿನ ಒಂಬೈನೂರಕ್ಕೂ ಹೆಚ್ಚು ಜಾತಿಗಳಿವೆ, ಅಷ್ಟನ್ನೂ ಬದಲಿಸುವುದು ಕಷ್ಟ ಎಂಬ ವಾದ ಎದ್ದಿತು. 2005ರಲ್ಲಿ ವಿಯೆನ್ನಾದ ಸಸ್ಯಶಾಸ್ತ್ರ ಮಹಾಸಭೆಯಲ್ಲಿ ಮತಕ್ಕೆ ಹಾಕಿದರು. ಅರ್ಧಕ್ಕಿಂತ ಹೆಚ್ಚು ಮತ ಬಿದ್ದದ್ದು ಬದಲಾವಣೆಯ ವಿರುದ್ಧವೇ. ಆದರೆ ತಡೆಯಲು ಶೇಕಡಾ 60 ಬೇಕು ಎಂಬ ನಿಯಮವಿತ್ತು. ಹೆಸರು ಆಸ್ಟ್ರೇಲಿಯಾದ ಪಾಲಾಯಿತು. 2011ರ ಮೆಲ್ಬರ್ನ್ ಸಭೆಯೂ ಅದನ್ನೇ ಎತ್ತಿಹಿಡಿಯಿತು. ನಮ್ಮ ಜಾಲಿ ಈಗ ವಾಚೆಲಿಯಾ ನಿಲೋಟಿಕಾ. ವಾಚೆಲ್ ಯಾರು? ಚೀನಾದ ಮಕಾವಿನಲ್ಲಿ ಇಂಗ್ಲಿಷ್ ವ್ಯಾಪಾರಿಗಳ ಕೋಠಿಗೆ ಪಾದ್ರಿಯಾಗಿದ್ದು, ಗಿಡ ಸಂಗ್ರಹಿಸುತ್ತಿದ್ದವನು. ಅಥಣಿಯ ಜಾಲಿಗೂ ಅವನಿಗೂ ಏನು ನಂಟೋ ದೇವರಿಗೇ ಗೊತ್ತು.

ಎರಡು ಸಲ ಹೆಸರು ಬದಲಿಸಿದ್ದು ಲ್ಯಾಟಿನ್. ಒಂದು ಸಲವೂ ಬದಲಾಗದೆ ಉಳಿದದ್ದು ಜಾಲಿ. ಕೆಂಪು ಗೆರೆ ಬಿದ್ದದ್ದು ಯಾವುದರ ಮೇಲೆ, ನೋಡಿ!

ಹಾಗೆಂದು ಲ್ಯಾಟಿನ್ ಹೆಸರೇ ಬೇಡ ಎನ್ನುವವಳು ನಾನಲ್ಲ. ನಮ್ಮ ಈ ಐದು ಊರುಗಳ ಪಟ್ಟಿಯಲ್ಲಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ, ಒಂದೇ ಓಣಿಯೊಳಗೆ ಒಂದು ಸೊಪ್ಪಿಗೆ ಎರಡು ಹೆಸರು. ಈಚೆ ಮನೆಯಲ್ಲಿ ಹುಣಸಿ, ಆಚೆ ಮನೆಯಲ್ಲಿ ಚಿಂಚ. ಈಚೆ ಗುರೆಳ್ಳು, ಆಚೆ ಕಾರಳೆ. ಈಚೆ ಪುಂಡಿ, ಆಚೆ ಅಂಬಾಡಿ. ಅಷ್ಟೇ ಅಲ್ಲ, ಪುಂಡಿ ಎಂಬ ಒಂದೇ ಹೆಸರಿನಲ್ಲಿ ಸಂತೆಗೆ ಎರಡು ಬೇರೆ ಗಿಡ ಬರುತ್ತವೆ. ಒಂದು ನಾರಿನ ಪುಂಡಿ, ಇನ್ನೊಂದು ಹೂವಿನ ಬುಡದಲ್ಲಿ ಕೆಂಪಗೆ ದಪ್ಪಗೆ ಹುಳಿ ತುಂಬಿಕೊಂಡದ್ದು. ದೂರದ ಊರಿನವನಿಗೆ ಕಾಗದ ಬರೆಯುವಾಗ ಯಾವ ಪುಂಡಿ ಎಂದು ತಿಳಿಯಬೇಕಾದರೆ ಎಲ್ಲರೂ ಒಪ್ಪಿದ ಒಂದು ಹೆಸರು ಬೇಕೇ ಬೇಕು. ಲಿನೇಯಸ್ ಮಾಡಿದ ಉಪಕಾರ ಅದು. ನನ್ನ ಜಗಳ ಹೆಸರಿನ ಜೊತೆಗಲ್ಲ. ಒಂದು ಹೆಸರು ಬರೆಯಲು ಇನ್ನೊಂದನ್ನು ಹೊಡೆದುಹಾಕುವ ಕೈಯ ಜೊತೆಗೆ. ಈ ಕೈ ಇವತ್ತಿನದಲ್ಲ, ಅದಕ್ಕೆ ಮುನ್ನೂರು ವರ್ಷಗಳ ಅಭ್ಯಾಸವಿದೆ.

1675ರ ಏಪ್ರಿಲ್. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ದೊಡ್ಡ ಗ್ರಂಥ ಮಾಡಿಸುತ್ತಿದ್ದ. ಅವನಿಗೆ ಗಿಡಗಳ ಹೆಸರು, ಗುಣ, ಉಪಯೋಗ ಹೇಳಿಕೊಟ್ಟವನು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ. ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಜೊತೆಗಿದ್ದರು. 1678ರಿಂದ 1693ರವರೆಗೆ ಆಮ್ಸ್‌ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟ ಅಚ್ಚಾದವು: 'ಹೋರ್ಟುಸ್ ಮಲಬಾರಿಕುಸ್'. ವಾನ್ ರೀಡ್ ದೊಡ್ಡ ಮನಸ್ಸಿನವನು. ಆ ನಾಲ್ವರ ಪ್ರಮಾಣಪತ್ರಗಳನ್ನು ಅವರವರ ಲಿಪಿಯಲ್ಲೇ ಗ್ರಂಥದಲ್ಲಿ ಅಚ್ಚು ಹಾಕಿಸಿದ. ಎಂಬತ್ತು ವರ್ಷ ಕಳೆದ ಮೇಲೆ ಲಿನೇಯಸ್ ನಮ್ಮ ದೇಶದ ಎಷ್ಟೋ ಗಿಡಗಳನ್ನು ಕಣ್ಣಿನಿಂದ ನೋಡದೆ, ಈ ಗ್ರಂಥದ ಚಿತ್ರಗಳನ್ನು ನೋಡಿ ಹೆಸರಿಟ್ಟ. ಹೆಸರಿನ ಹಿಂದೆ ಬಾಲದಂತೆ 'ಲಿ.' ಎಂದು ಅವನ ಗುರುತು ಸೇರಿತು. ಅಚ್ಯುತನ್ನನ ಗುರುತಿಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ಹೆಸರಿಟ್ಟವನು ಅಪ್ಪ, ಹೊತ್ತು ಹೆತ್ತವರ ಲೆಕ್ಕ ಯಾರಿಡುತ್ತಾರೆ?

ಅಪ್ಪ ಎಂದೆನಲ್ಲ, ಲಿನೇಯಸ್ಸನ ವಿಂಗಡಣೆಯನ್ನೇ ನೋಡಿ. 1735ರಲ್ಲಿ ಅವನು ಹೂಬಿಡುವ ಗಿಡಗಳನ್ನು ಹೂವಿನೊಳಗಿನ ಕೇಸರಗಳನ್ನು ಎಣಿಸಿ ಭಾಗ ಮಾಡಿದ. ಕೇಸರಗಳಿಗೆ ಗಂಡಂದಿರು ಎಂದ, ಶಲಾಕೆಗಳಿಗೆ ಹೆಂಡಂದಿರು ಎಂದ, ಹೂವಿಗೆ ಮದುವೆಯ ಹಾಸಿಗೆ ಎಂದ. ಗಂಡಂದಿರ ಎಣಿಕೆಯಿಂದ ದೊಡ್ಡ ವರ್ಗ. ಹೆಂಡಂದಿರ ಎಣಿಕೆಯಿಂದ ಅದರ ಕೆಳಗಿನ ಚಿಕ್ಕ ಗಣ. ಕಾಯಿ ಕಟ್ಟುವುದು ಯಾರು, ಬೀಜ ಹೊರುವುದು ಯಾರು ಎಂದು ಒಂದು ಅವರೆಬಳ್ಳಿಯನ್ನು ಕೇಳಿದ್ದರೂ ಹೇಳುತ್ತಿತ್ತು. ರೇಶನ್ ಕಾರ್ಡಿನಲ್ಲಿ ಯಜಮಾನನ ಕೆಳಗೆ ನಮ್ಮನ್ನು ಬರೆಯುತ್ತಿದ್ದರಲ್ಲ, ಹಾಗೆಯೇ ಹೂವಿನ ಮನೆಯಲ್ಲೂ ಬರೆದಿದ್ದರು. ಅದು ತೀರ ಕೃತಕ ಎಂದು ವಿಜ್ಞಾನಿಗಳೇ ಆಮೇಲೆ ಅದನ್ನು ಕೈಬಿಟ್ಟರು. ಆದರೆ ನಮ್ಮ ದೇಶದ ಗಿಡಗಳ ಮೊದಲ ದೊಡ್ಡ ಪಟ್ಟಿ, ರಾಕ್ಸ್‌ಬರೋನ 'ಫ್ಲೋರಾ ಇಂಡಿಕಾ', ಅದೇ ಕ್ರಮದಲ್ಲಿ ಬರೆದದ್ದು; 1832ರಲ್ಲಿ ಸೀರಾಂಪುರದಲ್ಲಿ ಅಚ್ಚಾಯಿತು.

ರಾಕ್ಸ್‌ಬರೋ ಕಲಕತ್ತೆಯ ಕಂಪನಿ ತೋಟದ ಮುಖ್ಯಸ್ಥ. ಆ ತೋಟ ಶುರುವಾದದ್ದು 1787ರಲ್ಲಿ, ತೇಗ, ಸಾಂಬಾರ ಜೀನಸು, ಲಾಭ ತರುವ ಬೆಳೆಗಳನ್ನು ಬೆಳೆಸಿ ನೋಡುವುದಕ್ಕೆ. ಹೂವಿನ ಮೇಲಿನ ಪ್ರೀತಿಗೆ ಯಾರೂ ಬೊಕ್ಕಸದಿಂದ ಹಣ ಕೊಡುವುದಿಲ್ಲ, ತಾಯಂದಿರೇ. ಯಾವುದು ಎಲ್ಲಿ ಬೆಳೆಯುತ್ತದೆ, ಯಾವುದಕ್ಕೆ ಎಷ್ಟು ಬೆಲೆ ಎಂದು ತಿಳಿಯುವುದಕ್ಕೆ ಕೊಡುತ್ತಾರೆ. ರಾಕ್ಸ್‌ಬರೋ ನಮ್ಮ ಸಾಲವೃಕ್ಷಕ್ಕೆ ಶೋರಿಯಾ ಎಂದು ಹೆಸರಿಟ್ಟ. ಗವರ್ನರ್ ಜನರಲ್ ಜಾನ್ ಶೋರ್ ಸಾಹೇಬನ ಗೌರವಕ್ಕೆ. ಅವನ ಗಿಡಗಳ ಚಿತ್ರ ಬರೆದವರು ನಮ್ಮ ನಾಡಿನ ಕಲಾವಿದರು, ಎರಡು ಸಾವಿರಕ್ಕೂ ಹೆಚ್ಚು ಚಿತ್ರ. ಅವರ ಹೆಸರು ಪುಸ್ತಕಕ್ಕೆ ಬರಲಿಲ್ಲ. ಮದರಾಸಿನ ಕಡೆ ರಾಬರ್ಟ್ ವೈಟ್ ಎಂಬ ವೈದ್ಯ ಮಾತ್ರ ತನ್ನ ಚಿತ್ರಗಾರರಾದ ರಂಗಯ್ಯ, ಗೋವಿಂದು ಇವರ ಹೆಸರು ಹೇಳಿದ. ಒಂದು ಸೀತಾಳೆ ಜಾತಿಗೆ ಗೋವಿಂದೂಯಿಯಾ ಎಂದೇ ನಾಮಕರಣ ಮಾಡಿದ. ಅದು ಹಿಂದೆಯೇ ಇನ್ನೊಂದು ಹೆಸರು ಪಡೆದಿದ್ದ ಗುಂಪು ಎಂದು ತಿಳಿದು ಗೋವಿಂದುವಿನ ಹೆಸರು ಅಳಿಯಿತು. ನಿಯಮ ನಿಯಮವೇ. ಆದರೆ ಶೋರ್ ಸಾಹೇಬ ಇನ್ನೂ ಸಾಲವೃಕ್ಷದ ಮೇಲೆ ಕುಳಿತಿದ್ದಾನೆ.

ನಮ್ಮ ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1861ರಲ್ಲಿ ಡಾಲ್ಜೆಲ್ ಮತ್ತು ಗಿಬ್ಸನ್ 'ಬಾಂಬೆ ಫ್ಲೋರಾ' ತಂದರು. 1872ರಿಂದ 1897ರವರೆಗೆ ಲಂಡನ್ನಿನ ಕ್ಯೂ ತೋಟದ ಹೂಕರ್ ಏಳು ಸಂಪುಟಗಳಲ್ಲಿ ಇಡೀ ಬ್ರಿಟಿಷ್ ಇಂಡಿಯಾದ ಗಿಡಗಳನ್ನು ವಿಂಗಡಿಸಿದ. 1890ರಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣ ಇಲಾಖೆ ಹುಟ್ಟಿತು. 1901ರಿಂದ 1908ರವರೆಗೆ ಥಿಯೊಡೋರ್ ಕುಕ್ ಎಂಬ ಎಂಜಿನಿಯರ್ ಮುಂಬೈ ಪ್ರಾಂತ್ಯದ ಗಿಡಗಳ ಗ್ರಂಥ ಮಾಡಿದ. ಇವರ ಶ್ರಮಕ್ಕೆ ಕೈ ಮುಗಿಯುತ್ತೇನೆ. ಬಿಸಿಲಿನಲ್ಲಿ ತಿರುಗಿ, ಜ್ವರ ಬಂದು ಮಲಗಿ ಮಾಡಿದ ಕೆಲಸ. ಆದರೆ ಡಾಕ್ಟರು, ಎಂಜಿನಿಯರು, ಅರಣ್ಯಾಧಿಕಾರಿ, ಇವರಿಗೆ ಆ ಗಿಡ ಎಲ್ಲಿದೆ ಎಂದು ದಾರಿ ತೋರಿಸಿದವರು ಯಾರು? ಕಟ್ಟಿಗೆಗೆ ಹೋದವಳು, ಸೊಪ್ಪಿಗೆ ಹೋದವಳು, ಕುರಿ ಕಾಯುವವನು. ಅವರು ಯಾವ ಸಂಪುಟದಲ್ಲೂ ಇಲ್ಲ.

ಇಷ್ಟು ಹೇಳಿದರೆ ಇನ್ನೊಂದು ಗುಂಪು ಎದ್ದು ನಿಲ್ಲುತ್ತದೆ. "ನಮ್ಮ ಋಷಿಗಳಿಗೆ ಎಲ್ಲವೂ ಮೊದಲೇ ಗೊತ್ತಿತ್ತು, ಬಿಳಿಯರು ಕದ್ದರು" ಎಂದು ಭಾಷಣ ಶುರುವಾಗುತ್ತದೆ. ಅವರಿಗೂ ನನ್ನದೊಂದು ಮಾತಿದೆ. ಚರಕ ಸಂಹಿತೆ ಗಿಡಗಳನ್ನು ನಾಲ್ಕು ಬಗೆ ಮಾಡಿದ್ದು ನಿಜ: ಹೂವು ಕಾಣದೆ ಕಾಯಿ ಬಿಡುವ ವನಸ್ಪತಿ, ಹೂವೂ ಕಾಯಿಯೂ ಬಿಡುವ ವಾನಸ್ಪತ್ಯ, ಫಲ ಬಿಟ್ಟು ಸಾಯುವ ಓಷಧಿ, ಹಬ್ಬುವ ವೀರುಧ. ಒಳ್ಳೆಯ ಕಣ್ಣಿನ ವಿಂಗಡಣೆ. ಆದರೆ ಅದೇ ಸಂಹಿತೆಯ ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲೇ ಇನ್ನೊಂದು ಮಾತಿದೆ: ಮೂಲಿಕೆಗಳ ಹೆಸರು, ರೂಪ ಬಲ್ಲವರು ಆಡು ಕಾಯುವವರು, ಕುರಿ ಕಾಯುವವರು, ದನ ಕಾಯುವವರು, ಕಾಡಿನಲ್ಲಿ ಇರುವವರು ಎಂದು. ಶಾಸ್ತ್ರ ಬರೆದವನೇ ಒಪ್ಪಿಕೊಂಡ ಗುರುಗಳು ಅವರು. ಭಾಷಣ ಮಾಡುವವರು ಆ ಸಾಲನ್ನು ಓದುವುದಿಲ್ಲ. ಆ ಪಟ್ಟಿಯಲ್ಲೂ ಒಲೆಯ ಮುಂದೆ ಕುಳಿತವಳ ಹೆಸರಿಲ್ಲ ಎಂಬುದನ್ನು ನಾವೇ ಸೇರಿಸಿ ಓದಬೇಕು.

ಹಾಗಾದರೆ ಒಲೆಯ ಮುಂದಿನವಳಿಗೆ ವಿಂಗಡಣೆ ಗೊತ್ತಿಲ್ಲವೇ? ನಮ್ಮ ಆಯಿ ಓದು ಬಾರದವಳು. ಸೊಪ್ಪನ್ನು ಅವಳು ತಂಪು, ಉಷ್ಣ, ನಂಜು ಎಂದು ಬೇರೆ ಮಾಡುತ್ತಿದ್ದಳು. ಬಿತ್ತಿದ್ದು, ತಾನೇ ಹುಟ್ಟಿದ್ದು ಎಂದು ಬೇರೆ ಮಾಡುತ್ತಿದ್ದಳು. ಬಾಣಂತಿಗೆ ಆಗುವುದು, ಬಸುರಿಗೆ ಆಗದ್ದು ಎಂದು ಬೇರೆ ಮಾಡುತ್ತಿದ್ದಳು. ಎಳ್ಳಮವಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಬುಟ್ಟಿಯಲ್ಲಿ ಪುಂಡಿಪಲ್ಯೆ, ಗುರೆಳ್ಳು ಹಿಂಡಿ ಇರಬೇಕು; ಯಾಕೆಂದರೆ ಆ ಕಾಲಕ್ಕೆ ನೆಲ ಏನು ಕೊಡುತ್ತದೆ ಎಂಬ ಪಂಚಾಂಗ ಅವಳ ತಲೆಯಲ್ಲಿತ್ತು. ಅದೇ ಗುರೆಳ್ಳಿಗೆ ಪುಸ್ತಕದಲ್ಲಿ ಗ್ವಿಜೋಟಿಯಾ ಅಬಿಸಿನಿಕಾ ಎನ್ನುತ್ತಾರೆ. ಇಥಿಯೋಪಿಯಾದಿಂದ ಬಂದದ್ದು ಎಂಬ ಸತ್ಯ ಆ ಎರಡನೆಯ ಪದದಲ್ಲಿದೆ, ಅದನ್ನು ತಿಳಿದು ನನಗೆ ಸಂತೋಷವಾಯಿತು. ಮೊದಲನೆಯ ಪದ ಮಾತ್ರ ಆಮೇಲೆ ಫ್ರಾನ್ಸಿನ ಪ್ರಧಾನಿಯಾದ ಗಿಜೋ ಎಂಬ ಇತಿಹಾಸಕಾರನದು. ಅವನು ರೊಟ್ಟಿಗೆ ಹಚ್ಚಿಕೊಂಡು ಉಂಡಿದ್ದಾನೆಯೇ?

ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ಹೆಂಗಸರು ಬಾಯಿಗೆ ಸೆರಗು ಕಟ್ಟಿಕೊಂಡು ತಂಬಾಕು ಬಡಿದು, ಸೋಸಿ, ದರ್ಜೆ ದರ್ಜೆಯಾಗಿ ಬೇರೆ ಮಾಡಿದ್ದು ಎಷ್ಟು ವರ್ಷ! ಅವರು ಸಂಘ ಕಟ್ಟಿ ಎದ್ದುನಿಂತದ್ದನ್ನು ಯುಗಾಂತರ ಎಂಬ ಮಹಿಳೆಯರ ತಂಡ 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಚಿತ್ರ ಮಾಡಿ ತೋರಿಸಿತು. ಎಲೆಯ ವಿಂಗಡಣೆ ಅವರ ಬೆರಳ ತುದಿಯಲ್ಲಿತ್ತು. ಗಿಡದ ಹೆಸರು ಮಾತ್ರ ನಿಕೋಟಿಯಾನಾ. ಅದನ್ನು ಫ್ರಾನ್ಸಿನ ರಾಣಿಗೆ ಕಳಿಸಿಕೊಟ್ಟ ರಾಯಭಾರಿ ಜಾನ್ ನಿಕೋನ ನೆನಪಿಗೆ. ಕಳಿಸಿದವನು ಅಮರ, ಕೆಮ್ಮಿದವಳು ಅನಾಮಿಕ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಆಯಿ ಹೇಳಿದ್ದೆಲ್ಲ ಸತ್ಯವಲ್ಲ. ಸುಟ್ಟ ತಂಬಾಕಿನ ಮಿಶ್ರಿಯನ್ನು ಅವಳು ಬೆಳಗೂ ಬೈಗೂ ಹಲ್ಲಿಗೆ ತಿಕ್ಕುತ್ತಿದ್ದಳು. ಹಲ್ಲು ಗಟ್ಟಿಯಾಗುತ್ತದೆ ಎನ್ನುತ್ತಿದ್ದಳು. ಅದು ಬಾಯಿಗೆ ಕ್ಯಾನ್ಸರ್ ತರುತ್ತದೆ ಎಂದು ಹೇಳಿದ್ದು ವಿಜ್ಞಾನ. ಹಾಗಾಗಿ ಅಜ್ಜಿಯ ಮಾತನ್ನು ಪೂಜೆ ಮಾಡಿರಿ ಎನ್ನುತ್ತಿಲ್ಲ. ಬರೆದುಕೊಳ್ಳಿರಿ, ಪರೀಕ್ಷೆ ಮಾಡಿರಿ, ತಪ್ಪಿದ್ದರೆ ಕಾರಣ ಕೊಟ್ಟು ಹೊಡೆಯಿರಿ. "ಅನಾವಶ್ಯಕ" ಎಂಬುದು ಕಾರಣವಲ್ಲ.

ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅರಿಸಿಣವೇ ಸಾಕ್ಷಿ. ನಮ್ಮ ಕಾಗವಾಡದ ಪಕ್ಕದ ಸಾಂಗ್ಲಿ ಅರಿಸಿಣದ ದೊಡ್ಡ ಪೇಟೆ. ಗಾಯಕ್ಕೆ ಅರಿಸಿಣ ಒತ್ತದ ತಾಯಿ ನಮ್ಮಲ್ಲಿ ಯಾರು? 1995ರಲ್ಲಿ ಅಮೆರಿಕದಲ್ಲಿ, ಗಾಯ ಮಾಯಿಸುವುದಕ್ಕೆ ಅರಿಸಿಣ ಬಳಸುವುದು ಹೊಸ ಶೋಧ ಎಂದು ಪೇಟೆಂಟ್ ಕೊಟ್ಟುಬಿಟ್ಟರು. ನಮ್ಮ ದೇಶದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಹೇಗೆ? ಕೋಟಿ ಅಜ್ಜಿಯರನ್ನು ಸಾಕ್ಷಿಗೆ ಕರೆಯಲಿಲ್ಲ. ಹಳೆಯ ಸಂಸ್ಕೃತ ಗ್ರಂಥ, 1953ರ ವೈದ್ಯಕೀಯ ಪತ್ರಿಕೆಯ ಲೇಖನ, ಇಂಥ ಬರಹದ ದಾಖಲೆ ಮುಂದಿಟ್ಟರು. ಅಚ್ಚಾದ ಹಾಳೆ ಗೆದ್ದಿತು. ಅರಿಸಿಣಕ್ಕೆ ಹಾಳೆ ಇತ್ತು, ಉಳಿಯಿತು. ನಮ್ಮ ಹೊಲದ ಬದುವಿನ ಹೆಸರಿಲ್ಲದ ಸೊಪ್ಪಿಗೆ ಯಾವ ಹಾಳೆ ಇದೆ? ಇದ್ದ ಒಂದು ಹಾಳೆಯ ಮೇಲೂ ನಮ್ಮವರೇ ಗೆರೆ ಎಳೆದರೆ?

ಹೆಂಗಸಿಗೆ ಈ ಶಾಸ್ತ್ರದಲ್ಲಿ ಎಲ್ಲಿಯ ಜಾಗ ಎನ್ನುವವರಿಗೆ ಜಾನಕಿ ಅಮ್ಮಾಳ್ ಕಥೆ ಹೇಳಬೇಕು. 1897ರಲ್ಲಿ ಕೇರಳದ ತಲಶ್ಶೇರಿಯಲ್ಲಿ ಹುಟ್ಟಿದವರು. ಜಾತಿಯ ಅವಮಾನವೂ ಹೆಣ್ಣೆಂಬ ತಾತ್ಸಾರವೂ ಬೆನ್ನಿಗಿದ್ದವು. ಮದುವೆ ಬೇಡವೆಂದು ಅಮೆರಿಕಕ್ಕೆ ಹೋಗಿ 1931ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಕೊಯಿಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ಕಬ್ಬನ್ನೂ ಅದರ ಕಾಡುಹುಲ್ಲಿನ ಬಂಧುಗಳನ್ನೂ ಕೂಡಿಸಿ ನೋಡಿದರು. ಉಗಾರದಿಂದ ರಾಯಬಾಗದವರೆಗೆ ನಮ್ಮ ಗಂಡಸರು ಕಬ್ಬಿನ ತಳಿಯ ನಂಬರು ಹೇಳುವಾಗ "ಕೋ" ಎನ್ನುತ್ತಾರಲ್ಲ, ಆ ಕೋ ಎಂದರೆ ಕೊಯಿಮತ್ತೂರು. ಆ ಸಂಸ್ಥೆಯ ಮೊದಲ ಮುಖ್ಯಸ್ಥ ಬಾರ್ಬರ್ ಸಾಹೇಬನ ಹೆಸರು ಉತ್ತರ ಹಿಂದುಸ್ತಾನದ ತೆಳುಕಬ್ಬಿಗೆ ಅಂಟಿದೆ. ಅಲ್ಲಿ ದುಡಿದ ಜಾನಕಿಯವರ ಹೆಸರು ಎಷ್ಟು ಜನರಿಗೆ ಗೊತ್ತು? 1945ರಲ್ಲಿ ಡಾರ್ಲಿಂಗ್‌ಟನ್ ಜೊತೆ ಬೆಳೆಗಳ ವರ್ಣತಂತುಗಳ ಕೋಶವನ್ನೇ ಬರೆದರು. 1951ರಲ್ಲಿ ನೆಹರೂ ಅವರನ್ನು ಕರೆಸಿ ಸಸ್ಯ ಸರ್ವೇಕ್ಷಣ ಇಲಾಖೆಯನ್ನು ಹೊಸದಾಗಿ ಕಟ್ಟುವ ಕೆಲಸ ಒಪ್ಪಿಸಿದರು. ಅಂದರೆ ಕಂಪನಿ ಸರ್ಕಾರದ ಕಾಲದಿಂದ ಬಂದ ಗಿಡಗಳ ಖಾತೆಗೆ ಒಬ್ಬ ಹೆಣ್ಣುಮಗಳು ಲೆಕ್ಕ ತಿದ್ದಲು ಕುಳಿತಳು. 1977ರಲ್ಲಿ ಪದ್ಮಶ್ರೀ ಬಂತು, 1984ರಲ್ಲಿ ತೀರಿಕೊಂಡರು. ನನ್ನ ಕಾಲೇಜಿನ ಮೂರು ವರ್ಷದಲ್ಲಿ ಒಬ್ಬರೂ ಅವರ ಹೆಸರು ಎತ್ತಲಿಲ್ಲ.

ಕನ್ನಡದಲ್ಲಿ ಇದೆಲ್ಲ ಆಗುವ ಮಾತೇ ಎನ್ನುವವರೂ ಇದ್ದಾರೆ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಮತ್ತೇನು? ಕುಟುಂಬ, ಜಾತಿ, ಲ್ಯಾಟಿನ್ ಹೆಸರು, ಊರ ಹೆಸರು ಎಲ್ಲವನ್ನೂ ನಗಿಸುತ್ತ ಹೇಳಿದ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಆದರೆ ನಿಯಮದ ಪುಸ್ತಕ ನೋಡಿ: ಹೊಸ ಗಿಡಕ್ಕೆ ಹೆಸರಿಡುವಾಗ ಅದರ ವರ್ಣನೆ ಲ್ಯಾಟಿನ್ನಿನಲ್ಲೇ ಇರಬೇಕು ಎಂದಿತ್ತು, 2012ರ ಜನವರಿಯಿಂದ ಲ್ಯಾಟಿನ್ ಅಥವಾ ಇಂಗ್ಲಿಷ್ ಎಂದಾಯಿತು. ಕನ್ನಡದಲ್ಲಿ ವರ್ಣಿಸಿದರೆ ಆ ಗಿಡ ಹುಟ್ಟಿದಂತೆಯೇ ಅಲ್ಲ. ಈ ನಿಯಮಗಳು ಬದಲಾಗುವುದೇ ಇಲ್ಲ ಎನ್ನಬೇಡಿ. 2024ರಲ್ಲಿ ಮ್ಯಾಡ್ರಿಡ್ ಸಭೆಯಲ್ಲಿ ಆಫ್ರಿಕದವರನ್ನು ಹೀಗಳೆಯುವ ಒಂದು ಪದವನ್ನು ಇನ್ನೂರಕ್ಕೂ ಹೆಚ್ಚು ಗಿಡಗಳ ಹೆಸರಿನಿಂದ ತೆಗೆಯಲು ಮತ ಹಾಕಿದರು. ಅವಮಾನವಾದವರು ಕೇಳಿದರು, ಬದಲಾಯಿತು. ನಾವು ಕೇಳಿಲ್ಲ.

ಕೇಳುವ ಮೊದಲು ನಮ್ಮ ಕೈಯಲ್ಲಿ ಒಂದು ಪಟ್ಟಿ ಇರಬೇಕಲ್ಲ? 2002ರ ಜೀವವೈವಿಧ್ಯ ಕಾಯದೆಯ ಪ್ರಕಾರ ಪ್ರತಿ ಪಂಚಾಯತಿ, ಪ್ರತಿ ಪುರಸಭೆಯಲ್ಲಿ ಒಂದು ಸಮಿತಿ ಇರಬೇಕು. ಊರವರನ್ನು ಕೇಳಿ ಊರಿನ ಗಿಡಮರಗಳ ದಾಖಲೆ ಪುಸ್ತಕ ಬರೆಯಬೇಕು. ಹೋಗಿ ಕೇಳಿ: ನಮ್ಮೂರಿನ ಪುಸ್ತಕ ಎಲ್ಲಿದೆ, ಬರೆಯುವಾಗ ಎಷ್ಟು ಹೆಂಗಸರನ್ನು ಕೇಳಿದಿರಿ? ಅವರು ಉತ್ತರ ಹುಡುಕುವಷ್ಟರಲ್ಲಿ ನಾವೇ ನೂರು ಪುಟದ ನೋಟಬುಕ್ ತರೋಣ. ಒಂದು ಪುಟಕ್ಕೆ ಒಂದು ಗಿಡ. ಹಳೆಯ ಪೇಪರಿನೊಳಗೆ ಒತ್ತಿ ಒಣಗಿಸಿದ ಟೊಂಗೆ. ಕನ್ನಡದ ಹೆಸರು, ಮರಾಠಿಯ ಹೆಸರು, ಸಿಕ್ಕರೆ ಲ್ಯಾಟಿನ್ ಹೆಸರು. ಯಾವ ತಿಂಗಳು, ಯಾವ ನೆಲ, ಯಾವ ಭಾಗ, ಯಾತಕ್ಕೆ. ಕೊನೆಯ ಸಾಲು ಮರೆಯಬೇಡಿ: ಹೇಳಿದವರು ಯಾರು.

ಅಕ್ಕನ ಮಗಳು ಹಾಗೆಯೇ ಹೊಸ ಹಾಳೆ ಮಾಡಿದಳು. ಮೇಲೆ ವಾಚೆಲಿಯಾ ನಿಲೋಟಿಕಾ, ಕೆಳಗೆ ಮೊದಲಿನಂತೆಯೇ ಜಾಲಿ, ಬಾಭೂಳ, ತೊಗಲಿನ ಹದ, ಅಂಟಿನ ಉಂಡಿ, ಆಯಿಯ ಹೆಸರು. ಸೂಟಿ ಮುಗಿಸಿ ಹೋಗುವಾಗ "ಇದಕ್ಕೂ ಗೆರೆ ಹೊಡೆದರೆ?" ಎಂದಳು.

"ಹೊಡೆಯಲಿ," ಎಂದೆ, "ಆದರೆ ಗೆರೆಯ ಪಕ್ಕದಲ್ಲಿ ಅವರ ಹೆಸರನ್ನೂ ಬರೆಸಿಕೊಂಡು ಬಾ."